ಮಗ್ಗದ ಕುಣಿಯ ಸಾವಕಾರ್ರು

"ಮೊದಲ ಕೈ ತೋಯಿಸ್ಕೋರಿ."

ಅವರ ಮನಿ ಹೊಸ್ತಿಲಾ ದಾಟಿದವರು ಯಾರ ಇರಲಿ, ಮೊದಲ ಕೇಳಬೇಕಾದ ಮಾತು ಇದು. ಬರ್ರಿ ಅನ್ನೂದಿಲ್ಲ, ಕುಂಡರ್ರಿ ಅನ್ನೂದಿಲ್ಲ, ಆರಾಮ ಅದೀರೇನು ಅಂತ ಕೇಳೂದಂತೂ ದೂರ ಉಳೀತು. ಬಾಗಲ ಹಿಂದ ಒಂದು ಮಣ್ಣಿನ ಗಡಿಗಿ, ಅದರ ಮ್ಯಾಲ ಒಂದು ತಂಬಿಗಿ. ಕೈ ತೋಯಿಸಿಕೊಂಡು, ಒರಸದ, ನೀರ ತೊಟ್ಟಿಕ್ಕಿಸಿಕೋತ ಒಳಗ ಹೋಗಬೇಕು. ಯಾರರ ಮರತು ಅಂಗಿಗೆ ಕೈ ಒರಸಿದ್ರೋ, "ಏ ಏ ಏ!" ಅಂತ ಮಗ್ಗದಾಗಿಂದನ ಒದರ್ತಿದ್ರು. ಒಮ್ಮೆ ಮದುವಿ ಕಾರ್ಡು ಕೊಡಾಕ ಬಂದ ಬೀಗರು ತೋಯ್ದ ಕೈಲೆ ಕಾರ್ಡ್ ಹಿಡದು, ಕೆಂಪು ಅಕ್ಷರ ಎಲ್ಲಾ ಕರಗಿ, ಲಗ್ನ ಯಾರದು ಎಂಬೂದ ತಿಳೀಲಿಲ್ಲ. ಇಷ್ಟೆಲ್ಲಾ ಒಂದು ಕಪ್ಪಿ ಸಲುವಾಗಿ.

ಅವರ ಹೆಸರು ನಾ ಇಲ್ಲಿ ಬರಿಯೂದಿಲ್ಲ. ಬರದ್ರ, "ನನ್ನ ಕೇಳಿದ್ರೇನ ಮಾಸ್ತರ?" ಅಂತ ಹೋದಲ್ಲಿಂದನ ಜಗಳಾ ತಗೀತಾರ. ಓಣಿಗೆಲ್ಲಾ ಅವರು ಕಾಕಾ, ನನಗೂ ಕಾಕಾ. ನಾ ಬೀಳಗಿ ಕಡೆಯಾಂವ. ಬನಹಟ್ಟಿ ಸಾಲಿಗೆ ವಿಜ್ಞಾನ ಮಾಸ್ತರ ಅಂತ ಬಂದು, ಅವರ ಮನಿ ಎದರಿನ ಖೋಲಿ ಬಾಡಿಗಿ ಹಿಡದು ಏಳು ವರ್ಷ ಇದ್ದೆ. ಏಳು ವರ್ಷದಾಗ ಅವರು ನನ್ನ ಒಮ್ಮೆನೂ ಸರಳಾಗಿ ಮಾತಾಡಿಸಲಿಲ್ಲ. ಕೆಣಕಿದ್ರ ಮಾತು, ಇಲ್ಲಂದ್ರ ಇಲ್ಲ. "ಏನ ಮಾಸ್ತರ, ಇವತ್ತ ಹುಡುಗರಿಗೆ ಏನ ಸುಳ್ಳ ಹೇಳಿ ಬಂದ್ರಿ?" ಅನ್ನೂದು ಅವರ ನಮಸ್ಕಾರ ಆಗಿತ್ತು.

ಬನಹಟ್ಟ್ಯಾಗ ಈಗ ಪವರ್‌ಲೂಮ್ ಸಪ್ಪಳ ಇಲ್ಲದ ಓಣಿ ಹುಡುಕಬೇಕು. ಕಾಕಾನ ಮಗನೂ ಹಿತ್ತಲದಾಗ ಎರಡು ಹಾಕಿದ್ದ. ಆದ್ರ ನಡುಮನ್ಯಾಗ ಮಾತ್ರ ಕಾಕಾನ ಕುಣಿಮಗ್ಗ. ನೆಲಾ ಅಗದು ಮಾಡಿದ ಕುಣಿ. ಅದರಾಗ ಕಾಲು ಇಳೇಬಿಟ್ಟು, ನೆಲದ ಮ್ಯಾಲ ಕುಂತು ನೇಯೂದು. ಕುಣಿಯ ತಂಪು ನೂಲಿಗೆ ಬೇಕು. ಹವಾ ಒಣಗಿದ್ರ ಎಳಿ ಪಟಪಟ ಹರೀತಾವು. ಎಪ್ಪತ್ತು ದಾಟಿದ್ರೂ ಕಾಕಾ ದಿನಾ ಮುಂಜಾನೆ ಮೊಣಕಾಲಿಗೆ ಎಣ್ಣಿ ತಿಕ್ಕೊಂಡು, "ಶಿವಾ" ಅನಕೋತ ಆ ಕುಣ್ಯಾಗ ಇಳೀತಿದ್ರು.

ಇಳಿಯೂದೇನೋ ಇಳೀತಿದ್ರು, ಏರೂದು ಪಂಚಾಯ್ತಿ ಆಗಿತ್ತು. ಎರಡು ಸಲ ಬಿದ್ರು. ಮಗ ಕೆಟ್ಟಾಂವ ಅಲ್ಲ. ನನ್ನ ಮುಂದ ಬಂದು, "ಸರ, ನೀವರ ಹೇಳ್ರಿ. ಮೊಣಕಾಲ ಹೋಗ್ಯಾವು. ಕುಣಿ ಮುಚ್ಚಿ ಫರ್ಸಿ ಹಾಕಿಸಿ, ಅಲ್ಲೊಂದು ಮಂಚಾ ಹಾಕಿ ಕೊಡತೇನಿ. ಆರಾಮ ಕೂಡ್ಲಿ" ಅಂದ. ನಾ ಹೇಳಾಕ ಹೋದೆ. ಕಾಕಾ ಲಾಳಿ ನಿಲ್ಲಿಸದ ಅಂದ್ರು, "ಮುಚ್ಚಲಿ. ಮುಚ್ಚೂಮುಂದ ನಾ ಒಳಗ ಕುಂತಿರತೇನಿ. ಎರಡ ಖರ್ಚು ಒಂದರಾಗ ಮುಗೀತಾವು."

ಗೌಂಡಿ ಬಂದು ಅಳತಿ ಮಾಡಿಕೊಂಡೂ ಹೋದ. ಆ ವಾರದಾಗನ ಮೊಮ್ಮಗಳ ಹೆಸರಿಡೂ ಕಾರ್ಯ ಇತ್ತು. ಊಟಕ್ಕಂತ ಮಹಾಲಿಂಗಪುರದಿಂದ ಬಾಳಿ ಎಲಿ ಕಟ್ಟು ತರಿಸಿದ್ರು. ಸೊಸಿ ಕಟ್ಟು ಬಿಚ್ಚಿದ್ಲು ನೋಡ್ರಿ, ಎಲಿ ನಡಕಿಂದ ಒಂದು ಬೂದು ಬಣ್ಣದ ಕಪ್ಪಿ ಚಂಗನ ಹಾರಿ ಅಕಿ ಮುಂಗೈ ಮ್ಯಾಲ ಕುಂತು ಬಿಡ್ತು. ಅಕಿ ಚೀರಿದ್ದು ಎಂಥಾದ್ದಂದ್ರ, ಹಿತ್ತಲದಾಗ ಪವರ್‌ಲೂಮ್ ಬಂದ್ ಮಾಡಿ ಮಗ ಓಡಿ ಬಂದ. ಸೊಸಿ ಮಂಚದ ಮ್ಯಾಲ, ಕಪ್ಪಿ ಗ್ವಾಡಿ ಮ್ಯಾಲ. ಅಲ್ಲಿಂದ ಒಂದು ಹಾರಿಕಿಗೆ ಸೀದಾ ಮಗ್ಗದ ಕುಣ್ಯಾಗ.

ನನಗ ಮಾಸ್ತರಿಕಿ ತೋರಿಸೂ ಛಲೋ ಹೊತ್ತು ಸಿಕ್ಕತು. ಕುಣ್ಯಾಗ ಬಗ್ಗಿ ನೋಡಿ, "ಕಾಕಾ, ಇದು ಗಿಡಗಪ್ಪಿ. ಬೆರಳ ತುದಿಗೆ ಗುಂಡಗ ಗಾದಿ ಅದಾವು ನೋಡ್ರಿ, ಅದಕ್ಕ ಗ್ವಾಡಿ ಹತ್ತತೈತಿ. ವಿಷಾ ಗಿಷಾ ಏನಿಲ್ಲ. ಚರ್ಮದಲೇನೂ ಉಸರಾಡತೈತಿ. ತಂಪು ಜಾಗಾ ಸಿಕ್ರ ಸಾಕು, ಅಲ್ಲೇ ಉಳೀತೈತಿ" ಅಂದೆ.

ಕಾಕಾ ಕುಣ್ಯಾಗ ಬಗ್ಗಿ ಕೇಳಿದ್ರು, "ಎಷ್ಟ ವರ್ಷ ಬದಕತೈತಿ?"

"ಛಲೋತ್ನಂಗ ನೋಡಿಕೊಂಡ್ರ ನಾಕೈದು ವರ್ಷ."

ಆ ಮುದಕನ ಕಣ್ಣು ಮಿಂಚಿದ್ದು ನಾ ಇನ್ನೂ ಮರತಿಲ್ಲ. ಮಗನ ಕಡೆ ತಿರಗಿ, "ಲೇ ತಮ್ಮಾ, ಮಗಳ ಹೆಸರಿಡೂ ದಿನಾ ಮನಿಗೆ ತಾನಾಗಿ ಬಂದ ಜೀವದ ಮ್ಯಾಲ ಮಣ್ಣ ಹಾಕತಿ ಏನ?" ಅಂದ್ರು. ಮಗಗ ನಗಿನೂ ಬಂತು, ಸಿಟ್ಟೂ ಬಂತು. "ಆತು ಬಿಡಪಾ. ಕಪ್ಪಿ ಇರೂತನಾ ಕುಣಿ ಇರಲಿ. ಅದು ಹೋದ ಮರುದಿನ ಗೌಂಡಿ ಬರತಾನ."

"ಆತು. ಮಾತ ಅಂದ್ರ ಮಾತು. ಮಾಸ್ತರ ಸಾಕ್ಷಿ."

ಹಿಂಗ ಒಂದು ಕಪ್ಪಿ ಆಯುಷ್ಯಕ್ಕ ಒಂದು ಮಗ್ಗದ ಆಯುಷ್ಯ ಗಂಟು ಬಿತ್ತು. ಅವತ್ತಿನಿಂದ ಕಾಕಾ ನೇಯೂದು ಅರ್ಧಾ, ಕಪ್ಪಿ ಕಾಯೂದು ಅರ್ಧಾ. ಅದು ಹಗಲೆಲ್ಲಾ ಕುಣಿ ಗ್ವಾಡಿಯ ಗೂಡಿನ್ಯಾಗ ಕಣ್ಣ ಅರ್ಧಾ ಮುಚ್ಚಿ, ಗದ್ದಾ ಬಡಕೋತ, ಹೊಟ್ಟಿ ಹಾಸಿಕೊಂಡು ಕುಂತಿರತಿತ್ತು. ಹಿಂದಕ ನೂಲು ಕೊಡೂ ಸಾವಕಾರ್ರೂ ಗಾದಿ ಮ್ಯಾಲ ಥೇಟ ಹಂಗ ಕುಂಡರತಿದ್ರಂತ. ಅದಕ್ಕ ಕಪ್ಪಿಗೆ ಸಾವಕಾರ್ರು ಅಂತ ಹೆಸರು ಬಿತ್ತು. "ಸಾವಕಾರ್ರು ಎದ್ದಾರೇನ?" "ಸಾವಕಾರ್ರು ಊಟಾ ಮಾಡಿದ್ರೇನ?" ಮನಿ ತುಂಬ ಇದ ಮಾತು. ಸೊಸಿ ಮಾತ್ರ "ಅದು" ಅಂತಿದ್ಲು. ಕುಣಿ ಹತ್ತರ ಹಾಯ್ದ್ರ ಸೀರಿ ಒಟ್ಟುಗೂಡಿಸಿಕೊಂಡು ಗ್ವಾಡಿ ಹಿಡದು ಹೋಗತಿದ್ಲು.

ಊಟದ ಮಾತು ಬಂತಲ್ಲ, ಅದೊಂದು ಕಥಿ. ಮೊದಲನೇ ದಿನಾ ಕಾಕಾ ಜ್ವಾಳದ ರೊಟ್ಟಿ ಮುರದು ಹಾಕಿದ್ರು. ಸಾವಕಾರ್ರು ನೋಡಲಿಲ್ಲ. ಶೇಂಗಾ ಹಿಂಡಿ ಹಚ್ಚಿ ಹಾಕಿದ್ರು. ನೋಡಲಿಲ್ಲ. ನಾ ನಕ್ಕು, "ಕಾಕಾ, ಅದು ಅಲಗಾಡೂದನ್ನ ಅಷ್ಟ ತಿನ್ನತೈತಿ" ಅಂದೆ. ಮರುದಿನ ಹೋಗಿ ನೋಡತೇನಿ, ರೊಟ್ಟಿ ಚೂರಿಗೆ ಎಳಿ ಕಟ್ಟಿ ಅದರ ಮುಂದ ಕುಣಸಾಕತ್ತಾರ! ಸಾವಕಾರ್ರು ಒಮ್ಮೆ ಪಟಕ್ನ ಬಾಯಿ ಹಾಕಿ, ರೊಟ್ಟಿ ಉಗುಳಿ, ಮುಂದಿನ ಎರಡು ಕಾಲಲೆ ಬಾಯಿ ಒರಸಿಕೊಂಡ್ರು. ಆಮ್ಯಾಲ ಸಂಜಿ ಮುಂದ ಕುಣಿ ಮ್ಯಾಲ ಒಂದು ಬಲ್ಬ್ ಹಾಕಿ, ಅದಕ್ಕ ಬರೂ ಹುಳಾ ತಿನ್ನಾಕ ಬಿಟ್ರು. ಓಣಿ ಹೆಣ್ಣಮಕ್ಕಳು ಜಿರಳಿ ಹಿಡದು ಡಬ್ಬ್ಯಾಗ ತಂದು ಕೊಡಾಕ ಸುರು ಮಾಡಿದ್ರು.

ನೀರಿಗೂ ಕಾನೂನು. ನಳದ ನೀರಿಗೆ ಬ್ಲೀಚಿಂಗ್ ಪುಡಿ ವಾಸನಿ ಅಂತ, ಗಡಿಗ್ಯಾಗ ಒಂದಿನಾ ಇಟ್ಟು ಆಮ್ಯಾಲ ತೆಂಗಿನ ಚಿಪ್ಪಿಗೆ ಹಾಕತಿದ್ರು. ಕೈ ತೋಯಿಸೂ ಕಾನೂನಿಗೆ ಕಾರಣ ನಾನ. ಸಾಲಿಯಿಂದ ಬಂದಾಂವ ಹಂಗ ಅದನ್ನ ಎತ್ತಿಕೊಂಡೆ. ಅದು ಒದ್ದಾಡಿ ಜಿಗದು ಹೋದ ಮ್ಯಾಲ ನೋಡಿದ್ರ, ಬೆನ್ನ ಮ್ಯಾಲ ನನ್ನ ನಾಕು ಬೆರಳಿನ ಚಾಕ್‌ಪೀಸ್ ಗುರ್ತು. "ಸಾಬೂನ ಹಚ್ಚಿ ತೊಳಕೊಂಡು ಬರತೇನಿ" ಅಂತ ಓಡಿದೆ. ಅರ್ಧಾ ದಾರ್ಯಾಗ ನೆನಪಾತು, ಸಾಬೂನ ಅಂದ್ರ ಚಾಕ್‌ಪೀಸಿಗಿಂತ ಕೆಟ್ಟದ್ದು. ಕಾಕಾ ಅಂದ್ರು, "ಚರ್ಮದಲೆ ಉಸರಾಡತೈತಿ ಅಂತ ಹೇಳಿದಾವ್ರ ನೀವು. ಮೂಗಿನ್ಯಾಗ ಸುಣ್ಣಾ ತುರಕಿದಾವ್ರೂ ನೀವು." ಏಳು ವರ್ಷದಾಗ ಅಷ್ಟು ನಾಚಿಕಿ ನನಗ ಮತ್ತೆಂದೂ ಆಗಿಲ್ಲ.

ಅವತ್ತನ ಅವರು ನನ್ನ ತೋಯ್ದ ಅಂಗೈ ಮ್ಯಾಲ ಸಾವಕಾರ್ರನ್ನ ಕೂಡಿಸಿ ತೋರಿಸಿದ್ರು. "ನಕ್ಷಿ ನೋಡ್ರಿ ಮಾಸ್ತರ. ಮೂರು ಚುಕ್ಕಿ, ಓರಿಗೆ, ಸೊಟ್ಟ ಸಾಲಿನ್ಯಾಗ. ನಡುವಿಂದು ದೊಡ್ಡದು. ಇಂಥಾ ಬುಟ್ಟಾ ನಾ ಎಲ್ಲಿಯೂ ಕಂಡಿಲ್ಲ." ನನಗ ಕಪ್ಪಿ ಕಾಣತಿತ್ತು, ಅವರಿಗೆ ಸೆರಗು.

ಆದ್ರ ಅಷ್ಟು ಶಾಣ್ಯಾ ಮನಶ್ಯಾನೂ ಒಮ್ಮೆ ತಪ್ಪಿದ್ರು, ಮತ್ತ ಎಂಥಾ ತಪ್ಪು! ಬ್ಯಾಸಗಿ ಒಂದು ಐತವಾರ ಮಧ್ಯಾಹ್ನ ನನ್ನ ಬಾಗಲಾ ಬಡಿಯಾಕತ್ತಿದ್ರು. ಬರಿಗಾಲಿಲೆ, ಆ ಮೊಣಕಾಲ ಇಟಗೊಂಡು ಓಡಿ ಬಂದಿದ್ರು. "ಮಾಸ್ತರ, ಸಾವಕಾರ್ರು ಕಟ್ಟಿಗಿ ಆಗ್ಯಾರ್ರೀ!"

ಹೋಗಿ ನೋಡಿದೆ. ಕಪ್ಪಿ ಹಲಗಿ ಮ್ಯಾಲ ನಾಕೂ ಕಾಲು ಸೆಟಿಸಿಕೊಂಡು, ಇಸ್ತ್ರಿ ಮಾಡಿದ ಧೋತರದಂಗ ಕುಂತೈತಿ. ಮ್ಯಾಲೆ ಫ್ಯಾನ್ ಭರ್ರ್ ಅಂತ ತಿರಗಾಕತ್ತೈತಿ. "ಏನ ಮಾಡಿದ್ರಿ?" ಅಂತ ಕೇಳಿದೆ.

ಕಾಕಾ ಸಾಲಿ ಹುಡುಗರಂಗ ತಲಿ ತಗ್ಗಿಸಿದ್ರು. "ಬಿಸಲಿಗೆ ಸೊರಗಿದ್ರು. ಮೆತ್ತಗ ಆಗಿದ್ರು. ನೂಲು ಮೆತ್ತಗ ಆದ್ರ ಏನ ಮಾಡತೇವಿ? ಗಂಜಿ ಹಚ್ಚತೇವಿ. ತಿಳಿ ಗಂಜಿ, ಕುಂಚಲೆ ಎರಡ ಸಲ ಹಚ್ಚಿ, ಆರಲಿ ಅಂತ ಫ್ಯಾನ್ ಹಾಕಿದ್ನಿ."

ನಗಬೇಕೋ ಅಳಬೇಕೋ ತಿಳೀಲಿಲ್ಲ. ಬೋಗುಣ್ಯಾಗ ಗಡಿಗಿ ನೀರು ಹಾಕಿ ಅದನ್ನ ಮೆಲ್ಲಕ ಇಳಿಸಿದೆ. ಗಂಜಿ ಬಿಳಿ ಬಿಳಿ ಬಿಟ್ಟುಕೊಂಡು ಬಂತು. ನೀರು ಚೆಲ್ಲಿದೆ, ಮತ್ತ ಹಾಕಿದೆ. ಗದ್ದಾ ಅಲಗಾಡಲಿಲ್ಲ. ಕಾಕಾನ ಜೀವಾ ಬಾಯಾಗ ಬಂದಿತ್ತು. ಮಾತು ಮಾತ್ರ ಬಿಗಿ. ಮಗನ ಕಡೆ ನೋಡಿ, "ಗೌಂಡಿಗೆ ಫೋನ್ ಹಚ್ಚಬ್ಯಾಡಲೇ, ಇನ್ನೂ ನಿಕ್ಕಿ ಆಗಿಲ್ಲ" ಅಂದ್ರು. ಮಗ ಪಾಪ, ತಂಬಿಗಿ ಹಿಡಕೊಂಡು ನೀರು ಹಾಕಾಕತ್ತಿದ್ದ. "ಅಪ್ಪಾ, ನನ್ನ ಎರಡೂ ಕೈಯಾಗ ನೀರೈತಿ. ಫೋನ್ ಯಾವ ಕೈಲೆ ಹಚ್ಚಲಿ?" ಅಂದ. ಅರ್ಧಾ ತಾಸಿಗೆ ಸಾವಕಾರ್ರ ಗದ್ದಾ ಒಮ್ಮೆ ಬಡೀತು. ಆಮ್ಯಾಲ ಇನ್ನೊಮ್ಮೆ. ಕಾಕಾ ಅಲ್ಲೇ ಹಸಿ ನೆಲದ ಮ್ಯಾಲ ಕುಂತು ಬಿಟ್ರು. ಕಣ್ಣಾಗ ನೀರಿದ್ದುವು, ಕೇಳಿದ್ರ ಫ್ಯಾನಿನ ಧೂಳು ಅಂದ್ರು.

ಗಂಜಿ ಪಾಠಾ ಅವರು ಎಷ್ಟು ಛಲೋ ಕಲತ್ರು ಅನ್ನೂದು ಮುಂದಿನ ವರ್ಷ ಗೊತ್ತಾತು. ಮಳಿ ನಕ್ಷತ್ರದಾಗ ಮಿರಗ ಹೋಗಿ ಆರಿದ್ರಾ ಬಂದ್ರೂ ಹನಿ ಇಲ್ಲ. ಓಣಿಯವರು ಕೂಡಿ ಕಪ್ಪಿ ಲಗ್ನಾ ಮಾಡೂದು ಅಂತ ನಿಕ್ಕಿ ಮಾಡಿದ್ರು. ಹೆಣ್ಣು ಕಾಲವಿ ದಂಡ್ಯಾಗ ಸಿಕ್ಕತು. ಗಂಡು? ಎಲ್ಲಾರೂ ಹಲಗಿ ಬಾರಿಸಿಕೋತ ಕಾಕಾನ ಬಾಗಲಿಗೆ ಬಂದ್ರು. ಕಾಕಾ ಬಾಗಲದಾಗ ಅಡ್ಡ ನಿಂತ್ರು. "ಕೊಡಂಗಿಲ್ಲ. ಅರಿಷಿಣಾ ಹಚ್ಚತೀರಿ. ಅರಿಷಿಣಾ ಅಂದ್ರ ಗಂಜಿ ಇದ್ದಂಗ. ಉಸರ ಕಟ್ಟತೈತಿ."

"ಮಳಿ ಬ್ಯಾಡೇನ ಕಾಕಾ ನಿನಗ?" ಅಂತ ಒಬ್ಬಾಕಿ ಅಜ್ಜಿ ಜಬರಿಸಿದ್ಲು. ಓಣಿಗೆ ಓಣಿನ ಸಿಟ್ಟಾಗಿತ್ತು. ಕಾಕಾ ಅಂಗಿ ಕಳದ್ರು. "ಮದುಮಗನ ಜಾಗಾದಾಗ ನಾ ಕೂಡತೇನಿ. ಅವರ ಪಾಲಿನ ಅರಿಷಿಣಾ ನನಗ ಹಚ್ಚರಿ. ಆ ಹೆಣ್ಣಿನ ಪಾಲಿಂದೂ ನನಗ ಹಚ್ಚರಿ, ಅದನ್ನ ಮುಟ್ಟಬ್ಯಾಡ್ರಿ."

ಹಚ್ಚಿದ್ರಲ್ಲ! ಎಪ್ಪತ್ತೆರಡು ವರ್ಷದ ಮುದಕನ್ನ ಮಣಿ ಮ್ಯಾಲ ಕೂಡಿಸಿ, ಬಾಸಿಂಗ ಕಟ್ಟಿ, ಎರಡು ಪಾಲಿನ ಅರಿಷಿಣಾ ಬಡದು, ಕೊಡಗಟ್ಟಲೆ ನೀರು ಸುರುವಿದ್ರು. ಅಕ್ಕಿಕಾಳು ಹಾಕೂ ಹೊತ್ತಿಗೆ ಹೆಣ್ಣು ಕಪ್ಪಿ ಜಿಗದು ಗಟಾರ ಸೇರ್ತು. "ಮುದಿ ಗಂಡಾ ಅಂತ ಓಡಿ ಹೋತು" ಅಂತ ಹೆಣ್ಣಮಕ್ಕಳು ಹೊಟ್ಟಿ ಹಿಡಕೊಂಡು ನಕ್ರು. ಕಾಕಾ ಮೂರು ದಿನಾ ಸೀನಿದ್ರು. ಎಂಟನೇ ದಿನಾ ಮಳಿ ಬಂತು. ಮುಂದ ಯಾವಾಗ ಮಳಿ ಬರಲಿ, "ನನ್ನ ಲಗ್ನದ ಪುಣ್ಯಾ" ಅಂತ ಒಂದು ಮಾತು ಒಗೀದ ಅವರು ಬಿಡತಿರಲಿಲ್ಲ.

ಅದರ ಮರುವರ್ಷ ಶ್ರಾವಣದಾಗ ಕಾಕಾಗ ಜ್ವರಾ ಬಂದು ಒಂದು ವಾರ ಒಳಗಿನ ಖೋಲ್ಯಾಗ ಮಲಗಿದ್ರು. ಹಾಸಿಗಿಂದನ ದಿನಾ ಕೇಳತಿದ್ರಂತ, "ಸಾವಕಾರ್ರು ಅದಾರೇನ?" ಸೊಸಿ "ಅದಾರ" ಅಂತಿದ್ಲಂತ. ನಾನೂ ಪಂಚಮಿಗೆ ಊರಿಗೆ ಹೋಗಿದ್ದೆ, ಅಕಿನೂ ತವರುಮನಿಗೆ ಅನಗವಾಡಿಗೆ ಹೋಗಿ ಬಂದಿದ್ಲು. ನಾ ಉಂಡಿ ಕೊಡಾಕ ಹೋದಾಗ ಕಾಕಾ ಆಗಲೆ ಎದ್ದು ಮಗ್ಗದಾಗ ಕುಂತಿದ್ರು. ಕೈ ತೋಯಿಸಿಕೊಂಡು ಹತ್ತರ ಹೋದೆ. ಅವರು ಕುಣ್ಯಾಗ ನೋಡಿಕೋತ ಸಣ್ಣ ದನಿಯಾಗ ಅಂದ್ರು, "ಮಾಸ್ತರ, ಸಾವಕಾರ್ರ ಚುಕ್ಕಿ ಎಲ್ಲಿ ಹೋದುವು?"

"ಗಿಡಗಪ್ಪಿ ಬಣ್ಣಾ ಬದಲಿ ಮಾಡತೈತಿ ಕಾಕಾ. ಬಿಸಲಿಗೊಂದು, ನೆರಳಿಗೊಂದು" ಅಂತ ನಾ ಪಾಠಾ ಸುರು ಮಾಡಿದೆ.

"ಬಣ್ಣಾ ಬದಲಾದೀತು. ನಕ್ಷಿ ಬದಲಾಗೂದಿಲ್ಲ" ಅಂತ ಹೇಳಿ ನನ್ನ ಮುಖಾ ನೋಡಿ ಕಣ್ಣ ಮಿಟಕಿಸಿದ್ರು. "ಇರಲಿ. ನೀವು ಹೇಳಬ್ಯಾಡ್ರಿ, ನಾ ಕೇಳಂಗಿಲ್ಲ. ನಿಮ್ಮ ಉಪಕಾರ ದೊಡ್ಡದು."

ನನಗ ತಲಿ ಬುಡಾ ತಿಳೀಲಿಲ್ಲ. ಜ್ವರಾ ಇನ್ನೂ ಪೂರಾ ಇಳದಿಲ್ಲ, ಇಲ್ಲಾ ಕಣ್ಣಿಗೆ ಪರದಿ ಬಂದೈತಿ ಅಂದುಕೊಂಡೆ. ತಿಂಗಳ ಮ್ಯಾಲ ನನಗೊಂದು ಟಾವೆಲ್ಲು ತಂದು ಕೊಟ್ರು, ತಮ್ಮ ಕೈಯಾರೆ ನೇಯ್ದದ್ದು, ಬಿಳಿ ಮೈ, ಅಂಚಿಗೆ ಒಂದಿಷ್ಟು ಕರಿ ಬುಟ್ಟಾ. ಎದಕ್ಕ ಅಂದ್ರ, "ಗೊತ್ತಿಲ್ಲದಾವ್ರಂಗ ಮಾಡಬ್ಯಾಡ್ರಿ" ಅಂದ್ರು. ಗಂಜಿ ತೊಳದು ಕೊಟ್ಟ ಉಪಕಾರಕ್ಕ ಇರಬೇಕು ಅಂತ ಸುಮ್ಮ ತಗೊಂಡೆ.

ನನಗ ಮುಧೋಳಕ್ಕ ವರ್ಗ ಆತು. ಹೋದ ಚಳಿಗಾಲದಾಗ ಮಗ ಫೋನ್ ಮಾಡಿದ. ಕಾಕಾ ಸಂಜಿ ನೇಯ್ದು ಎದ್ದು, ಚಹಾ ಕುಡದು, ಮಂಚಕ್ಕ ಒರಗಿದಾವ್ರು ಹಂಗ ಹೋಗಿ ಬಿಟ್ಟಿದ್ರು. ಮಣ್ಣಿಗೆ ಹೋಗಾಕ ನನಗ ಆಗಲಿಲ್ಲ. ಹದಿನೈದು ದಿನದ ಮ್ಯಾಲ ಮಾತಾಡಸಾಕ ಹೋದೆ. ಬಸ್ಸಿನ್ಯಾಗ ಕುಂತಾಗ ಒಂದ ವಿಚಾರ. ಫರ್ಸಿ ಹಾಕಿರತಾರ, ಆ ನೆಲಾ ನನ್ನ ಕಡಿಂದ ನೋಡೂದು ಆಗಂಗಿಲ್ಲ.

ಹೊಸ್ತಿಲಾ ದಾಟಿದೆ. ಒಳಗಿಂದ ಲಾಳಿ ಸಪ್ಪಳ ಬರಾಕತ್ತಿತ್ತು.

"ಮೊದಲ ಕೈ ತೋಯಿಸ್ಕೋರಿ ಸರ."

ಕುಣ್ಯಾಗ ಸೊಸಿ ಕುಂತಿದ್ಲು. ಮಾವನ ಮಗ್ಗಾ, ಮಾವನ ಮಾತು. ಗೂಡಿನ್ಯಾಗ ಸಾವಕಾರ್ರು ಅರ್ಧಾ ಕಣ್ಣ ಮುಚ್ಚಿ ಗದ್ದಾ ಬಡಿಯಾಕತ್ತಿದ್ರು. ಅಕಿ ಕೈ ಅದ್ದಿ, ಒಂದೀಟೂ ಅಂಜದ, ಅದನ್ನ ಅಂಗೈ ಮ್ಯಾಲ ಎತ್ತಿಕೊಂಡ್ಲು. ನಾ ಬಾಯಿ ತಕ್ಕೊಂಡು ನೋಡಿದೆ. "ವೈನಿ, ನೀವು ಕಪ್ಪಿಗೆ ಅಂಜತಿದ್ರಲ್ಲಾ?"

"ಅಂಜಿಕಿ ಜಮಖಂಡಿ ಬಸ್‌ಸ್ಟ್ಯಾಂಡಿನ್ಯಾಗ ಬಿಟ್ಟೆನ್ರಿ" ಅಂತ ನಕ್ಕು, ದನಿ ಸಣ್ಣದು ಮಾಡಿದ್ಲು. "ಸರ, ಇದು ಮೊದಲಿಂದಲ್ಲ. ಮಾವಾರಿಗೆ ಜ್ವರಾ ಬಂದಾಗ ಆ ಮೊದಲಿನವರು ತೀರಿಕೊಂಡಿದ್ರು. ಮುಂಜಾನೆ ಕಸಾ ಹೊಡಿಯೂಮುಂದ ನೋಡಿದೆ. ದಾಸಾಳ ಗಿಡದ ಬುಡಕ ಮಣ್ಣ ಮಾಡಿದೆ. ಮಾವಾರಿಗೆ ಹೆಂಗ ಹೇಳ್ಲಿ? ಕುಣಿ ಹೋದ್ರ ಮಾವಾರು ಏಳತಿದ್ದಿಲ್ಲರೀ."

ಪಂಚಮಿಗೆ ತವರಿಗೆ ಹೋದಾಕಿ, ಹೊಳಿ ದಂಡಿ ಬಾಳಿ ತ್ವಾಟದಾಗ ತಮ್ಮನ ಕಡಿಂದ ಒಂದು ಗಿಡಗಪ್ಪಿ ಹಿಡಿಸಿದ್ಲಂತ. ಎರಡು ಡಬ್ಬಿ, ಒಂದರಾಗ ಉಂಡಿ, ಒಂದರಾಗ ಹಸಿ ಅರಿವಿ ಹಾಕಿ ಕಪ್ಪಿ. ಬೀಳಗಿ ದಾಟೂದ್ರಾಗ ಡಬ್ಬ್ಯಾಗಿಂದ ಟಕ್ ಟಕ್ ಅಂತ ಸಪ್ಪಳ. ಕಂಡಕ್ಟರ್ "ಏನೈತಬೇ ಅದರಾಗ?" ಅಂದ್ರ "ಉಂಡಿ" ಅಂದ್ಲಂತ. "ಉಂಡಿ ಒದರತಾವೇನ?" ಅಂದ್ರ "ನಮ್ಮ ಕಡೆ ಉಂಡಿ ಹಂಗರೀ" ಅಂದ್ಲಂತ. ಜಮಖಂಡ್ಯಾಗ ಬಸ್ಸು ಬದಲಿ ಮಾಡೂಮುಂದ ಡಬ್ಬಿ ತಗದು ನೋಡಿದ್ರ ಅರಿವಿ ಆರಿತ್ತು. ತೋಯಿಸಬೇಕಂದ್ರ ಕಪ್ಪಿ ಕೈಯಾಗ ಹಿಡಿಯಬೇಕು. "ಕಣ್ಣ ಮುಚ್ಚಿ ಹಿಡದೆ ಸರ. ಅಷ್ಟ ತಣ್ಣಗ ಇತ್ತು, ನನ್ನ ಕೂಸಿನ ಕೈ ಇದ್ದಂಗ. ಅವತ್ತಿನಿಂದ ಅಂಜಿಕಿ ಇಲ್ಲ. ಮಾವಾರಿಗೆ ಕಡೀತನಾ ಗೊತ್ತಾಗಲಿಲ್ಲ, ಅದೊಂದು ಸಮಾಧಾನ."

ನಾ ಅಲ್ಲೇ ನೆಲದ ಮ್ಯಾಲ ಕುಂತೆ. ಕಾಕಾನ ಕಣ್ಣ ಮಿಟಕಿಸಿದ್ದು, ಉಪಕಾರ ದೊಡ್ಡದು ಅಂದಿದ್ದು, ಎಲ್ಲಾ ಈಗ ತಿಳೀತು. ಮುದಕ ನಾ ಊರಿಂದ ಕಪ್ಪಿ ತಂದೇನಿ ಅಂದುಕೊಂಡಿತ್ತು. ಕಪ್ಪಿ ಕಂಡ್ರ ಮಂಚಾ ಏರೂ ಸೊಸಿ ಅಂಥಾ ಕೆಲಸಾ ಮಾಡ್ಯಾಳು ಅಂತ ಅವರಿಗೆ ಹೆಂಗ ಹೊಳೀಬೇಕು?

"ವೈನಿ, ಅವರಿಗೆ ಗೊತ್ತಿತ್ತು. ಬಂದ ದಿನಾನ ಗುರ್ತ ಹಿಡದಿದ್ರು. ತಂದಾವ್ರು ಯಾರು ಅಂತ ಅಷ್ಟ ಗೊತ್ತಿರಲಿಲ್ಲ."

ಅಕಿ ಕೈಯಾಗಿನ ಕಪ್ಪಿ ಮೆಲ್ಲಕ ಗೂಡಿನ್ಯಾಗ ಇಳಿಸಿದ್ಲು. ಅಷ್ಟರಾಗ ಹಿತ್ತಲದಿಂದ ಮಗ ಬಂದ. ಕುಣಿ ಮಾತು ನಾನ ತಗದೆ. ಆಂವ ಅಂದ, "ಹೆಂಗ ಮುಚ್ಚಲಿ ಸರ? ಕಪ್ಪಿ ಇರೂತನಾ ಅಂತ ಮಾತ ಕೊಟ್ಟೇನಿ. ನೀವ ಸಾಕ್ಷಿ ಅದೀರಿ." ಹೇಳಿ ಹೆಂಡತಿ ಕಡೆ ನೋಡಿ ನಕ್ಕ. ಆಂವಗೂ ಎಲ್ಲಾ ಗೊತ್ತಿತ್ತು ಅಂತ ನನಗ ಅನಸಿತು.

ಮುಂದಿನ ಐತವಾರ ಆ ಟಾವೆಲ್ಲು ಒಗದು, ಗಂಜಿ ಹಾಕದ ಒಣಗಿಸಿ, ಬನಹಟ್ಟಿಗೆ ತಗೊಂಡು ಹೋದೆ. ನಂದಲ್ಲದ್ದನ್ನ ಇಷ್ಟು ವರ್ಷ ಹೆಗಲಿಗೆ ಹಾಕಿಕೊಂಡು ಅಡ್ಡಾಡಿದ್ದೆ. "ವೈನಿ, ಇದು ನಿಮ್ಮದು. ಕಾಕಾ ವಿಳಾಸಾ ತಪ್ಪಿ ನನಗ ಕೊಟ್ಟಿದ್ರು" ಅಂದೆ. ಅಕಿ ಗಡಿಗಿಗೆ ಹೋಗಿ ಕೈ ತೋಯಿಸಾಕ ಹತ್ತಿದ್ಲು. "ಅದಕ್ಕ ಒಣಾ ಕೈ ನಡೀತೈತಿ" ಅಂದೆ, ಇಬ್ಬರೂ ನಕ್ವಿ. ಟಾವೆಲ್ಲು ಬಿಚ್ಚಿ ಅಂಚು ಬೆಳಕಿಗೆ ಹಿಡದ್ಲು. ಕರಿ ಬುಟ್ಟಾ ಮ್ಯಾಲ ಬೆರಳಾಡಿಸಿದ್ಲು, ಒಂದು, ಎರಡು, ಮೂರು, ಓರಿಗೆ, ನಡುವಿಂದು ದೊಡ್ಡದು. ಇಷ್ಟು ವರ್ಷ ಅದರಲೆ ಮುಖಾ ಒರಸಿಕೊಂಡಾಂವ ನಾ, ಒಮ್ಮೆನೂ ಕಂಡಿರಲಿಲ್ಲ.

"ಸರ," ಅಂದ್ಲು, "ಇವರು ಮೊದಲಿನ ಸಾವಕಾರ್ರು."